ಮಳೆಯಲ್ಲಿ ಆಡಲಿ, ನೆನೆದ ನೆಲದ ಮೇಲೆ ಬೇಡ

ಅಕ್ಟೋಬರ್ ಎರಡನೇ ವಾರ ದಾಟಿತು ಅಂದರೆ ನಮ್ಮ ಕಡೆಯ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. "ಇಷ್ಟು ಮಳೆಗೆಲ್ಲ ಪ್ರ್ಯಾಕ್ಟೀಸ್ ಕ್ಯಾನ್ಸಲ್ ಮಾಡ್ತಾರಾ? ನಾವು ಊರಲ್ಲಿ ಜಡಿಮಳೆಯಲ್ಲೇ ಆಡಿ ಬೆಳೆದವರಲ್ವಾ, ನಮಗೇನಾಯ್ತು?" ಸಿಯಾಟಲ್ ಪಕ್ಕದ ರೆಡ್ಮಂಡ್, ಬೆಲ್‌ವ್ಯೂ, ಸಮಾಮಿಶ್, ಬಾಥೆಲ್ ಸುತ್ತಮುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಹೆಚ್ಚು ಕಡಿಮೆ ಎಲ್ಲರ ಮಕ್ಕಳೂ ಶನಿವಾರ ಬೆಳಿಗ್ಗೆ ಸಾಕರ್ ಆಡುತ್ತಾರೆ. ನಾನು ನಮ್ಮ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಸ್ವಯಂಸೇವಕರಲ್ಲಿ ಒಬ್ಬ. ಹಾಗಾಗಿ ಈ ಪ್ರಶ್ನೆ ಪ್ರತಿ ವರ್ಷ ನನ್ನ ಹತ್ತಿರವೂ ಬರುತ್ತದೆ, ಗುಂಪಿನಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯವೂ ಇದಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಮಳೆ ಬರುತ್ತಿದೆ ಅಂತ ಯಾರೂ ಮೈದಾನ ಮುಚ್ಚುವುದಿಲ್ಲ. ಮಕ್ಕಳು ನೆನೆಯುತ್ತಾರೆ, ಶೀತ ಆಗುತ್ತದೆ ಅನ್ನುವ ಚಿಂತೆಯೂ ಅಲ್ಲ. ಇಲ್ಲಿಯ ಮಕ್ಕಳು ಮಳೆಯಲ್ಲೇ ಆಡುತ್ತಾರೆ, ಕೋಚ್‌ಗಳು ಮಳೆಯಲ್ಲೇ ಕಲಿಸುತ್ತಾರೆ, ನಾವೂ ಕೊಡೆ ಹಿಡಿದು ನಿಂತು ನೋಡುತ್ತೇವೆ. ಮುಚ್ಚುವುದು ನೆಲ ನೆನೆದಾಗ. ಎಷ್ಟೋ ಸಲ ಆ ದಿನ ಮಳೆಯೇ ಇರುವುದಿಲ್ಲ, ಬಿಸಿಲು ಬಿದ್ದಿರುತ್ತದೆ, ಆಗಲೂ ಬಾಗಿಲಿಗೆ ಕೆಂಪು ಬೋರ್ಡ್ ಇರುತ್ತದೆ. ಜನರಿಗೆ ಸಿಟ್ಟು ಬರುವುದೂ ಅಂಥ ದಿನಗಳಲ್ಲೇ ಜಾಸ್ತಿ.

ಸಿಯಾಟಲ್ ಅಂದರೆ ಮಳೆಯ ಊರು ಅನ್ನುತ್ತಾರೆ. ಲೆಕ್ಕ ತೆಗೆದರೆ ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1,000 ಮಿಲಿಮೀಟರ್. ಬೆಂಗಳೂರಿನಲ್ಲೂ ಸರಿಸುಮಾರು ಅಷ್ಟೇ. ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಜಾಸ್ತಿ. ಹಾಗಾದರೆ ಬೆಂಗಳೂರಿನಷ್ಟೇ ಮಳೆಗೆ ಇಲ್ಲಿಯ ಮೈದಾನ ಯಾಕೆ ಹಾಳಾಗುತ್ತದೆ? ಎಷ್ಟು ಬಿತ್ತು ಅನ್ನುವುದಕ್ಕಿಂತ ಯಾವಾಗ ಬಿತ್ತು, ಹೇಗೆ ಬಿತ್ತು ಅನ್ನುವುದು ಇಲ್ಲಿ ಮುಖ್ಯ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಸಂಜೆ ಒಂದು ಗಂಟೆ ಧೋ ಅಂತ ಸುರಿದು, ಮಾರನೇ ದಿನ ಹನ್ನೊಂದಕ್ಕೆ ಬಿಸಿಲು ಬಂದು ಮೇಲ್ಮಣ್ಣು ಆರಿರುತ್ತದೆ. ಸಿಯಾಟಲ್‌ನಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೋನೆ. ದಿನವಿಡೀ ಬಿದ್ದರೂ ಒಂದು ಲೋಟ ತುಂಬುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ಅಕ್ಟೋಬರಿನಲ್ಲಿ ಸುಮಾರು 100 ಮಿಲಿಮೀಟರ್, ನವೆಂಬರಿನಲ್ಲಿ ಸುಮಾರು 160. ಆರುವುದಕ್ಕೆ ಬೇಕಾದ ಬಿಸಿಲು, ಬಿಸಿ, ಗಾಳಿ ಒಂದೂ ಇರುವುದಿಲ್ಲ. ಜುಲೈನಲ್ಲಿ ಹುಲ್ಲಿನ ನೆಲದಿಂದ ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಆರಿಹೋಗುತ್ತದೆ, ನವೆಂಬರಿನಲ್ಲಿ ಒಂದು ಮಿಲಿಮೀಟರ್ ಕೂಡ ಹೋಗುವುದಿಲ್ಲ. ಬಿದ್ದ ನೀರು ಕೆಳಗೆ ಇಂಗಬೇಕು, ಇಲ್ಲ ಪಕ್ಕಕ್ಕೆ ಹರಿಯಬೇಕು. ಮೂರನೇ ದಾರಿ ಇಲ್ಲ.

ಕೆಳಗೆ ಇಂಗುವ ದಾರಿಯೂ ಸಲೀಸಲ್ಲ. ಸುಮಾರು 17,000 ವರ್ಷಗಳ ಹಿಂದೆ ಈ ಜಾಗದ ಮೇಲೆ ಹತ್ತಿರ ಹತ್ತಿರ 3,000 ಅಡಿ ದಪ್ಪದ ಹಿಮದ ಹಾಸು ಕೂತಿತ್ತು. ಅದು ತನ್ನ ಕೆಳಗಿದ್ದ ಮಣ್ಣು, ಮರಳು, ಕಲ್ಲುಗಳನ್ನೆಲ್ಲ ಅದುಮಿ ಒಂದು ಗಟ್ಟಿ ಪದರ ಮಾಡಿಟ್ಟು ಹೋಗಿದೆ. ಹಾರೆ ಹಾಕಿದರೂ ಟಣ್ ಅನ್ನುವಂಥ ಪದರ ಅದು. ಈ ಕಡೆಯ ಎಷ್ಟೋ ಬಡಾವಣೆಗಳಲ್ಲಿ ಅದರ ಮೇಲೆ ಇರುವ ಒಳ್ಳೆಯ ಮಣ್ಣು ಬಹಳ ತೆಳು. ಮೈದಾನ ಮಾಡುವಾಗ ಬುಲ್ಡೋಜರ್ ಬಂದು ಆ ತೆಳು ಮಣ್ಣನ್ನೂ ಅರ್ಧ ಕೆರೆದು ಮಟ್ಟ ಮಾಡಿರುತ್ತದೆ. ನೀರು ಮೇಲಿನಿಂದ ಒಂದಡಿ ಇಳಿದು, ಆ ಗಟ್ಟಿ ಪದರ ಸಿಕ್ಕಿ, ಅಲ್ಲೇ ನಿಲ್ಲುತ್ತದೆ. ಹುಲ್ಲಿನ ಬೇರು ಇರುವ ಜಾಗ ವಾರಗಟ್ಟಲೆ ತೊಯ್ದೇ ಇರುತ್ತದೆ.

ಇನ್ನು ಅಂಥ ನೆಲದ ಮೇಲೆ ಆಡಿದರೆ ಏನಾಗುತ್ತದೆ ಅನ್ನುವುದು. ಇದನ್ನು ಅಮೆರಿಕದ ಅಪ್ಪ ಅಮ್ಮಂದಿರಿಗೆ ವಿವರಿಸಲು ಕಷ್ಟ, ನಮ್ಮವರಿಗೆ ಸುಲಭ, ಯಾಕೆಂದರೆ ನಾವು ಗದ್ದೆ ನೋಡಿದ್ದೇವೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾಟಿಗೆ ಮುಂಚೆ ಏನು ಮಾಡುತ್ತಿದ್ದರು? ಗದ್ದೆಗೆ ನೀರು ಕಟ್ಟಿ, ಆ ನೀರಿನಲ್ಲೇ ಮತ್ತೆ ಮತ್ತೆ ಉತ್ತು, ತುಳಿದು, ಹಲಗೆ ಹೊಡೆದು ಕೆಸರು ಮಾಡುತ್ತಿದ್ದರು. ಸಸಿ ನೆಡಲು ಸುಲಭವಾಗಲಿ ಅಂತ ಮಾತ್ರ ಅಲ್ಲ, ನೀರು ಕೆಳಗೆ ಇಂಗದೆ ಗದ್ದೆಯಲ್ಲೇ ನಿಲ್ಲಲಿ ಅಂತ. ಮಣ್ಣಿನಲ್ಲಿ ಸಣ್ಣ ಸಣ್ಣ ಹೆಂಟೆಗಳಿರುತ್ತವೆ, ಹೆಂಟೆ ಹೆಂಟೆಯ ನಡುವೆ ಸಂದು ಇರುತ್ತದೆ, ಆ ಸಂದಿನಲ್ಲೇ ಗಾಳಿ, ನೀರು ಓಡಾಡುವುದು. ನೆನೆದ ಮಣ್ಣನ್ನು ಕಲಸಿದರೆ ಹೆಂಟೆ ಒಡೆಯುತ್ತದೆ, ಸಂದು ಮುಚ್ಚುತ್ತದೆ, ನುಣ್ಣನೆ ಕೆಸರು ಆರಿದ ಮೇಲೆ ಹಲಗೆಯಷ್ಟು ಗಟ್ಟಿಯಾಗುತ್ತದೆ. ಭತ್ತಕ್ಕೆ ಅದೇ ಬೇಕು. ಸಾಕರ್ ಮೈದಾನಕ್ಕೆ ಅದು ಸಾವು. ನೆನೆದ ಮೈದಾನದಲ್ಲಿ ಹತ್ತಾರು ಮಕ್ಕಳು ಕ್ಲೀಟ್ಸ್, ಅಂದರೆ ತಳದಲ್ಲಿ ಮೊಳೆಯಂಥ ಸ್ಟಡ್‌ಗಳಿರುವ ಬೂಟು, ಹಾಕಿಕೊಂಡು ಒಂದೂವರೆ ಗಂಟೆ ಓಡಿದರೆ ಮಾಡುವುದು ಇದೇ ಕೆಲಸ. ನಾವು ಗೊತ್ತಿಲ್ಲದೆ ಒಂದು ಗದ್ದೆ ತಯಾರು ಮಾಡುತ್ತಿದ್ದೇವೆ, ಮುಂದಿನ ಮಳೆಗೆ ಅದರಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ, ಇನ್ನಷ್ಟು ದಿನ ಮುಚ್ಚಬೇಕಾಗುತ್ತದೆ.

ಊರಿನ ಕೆಸರುಗದ್ದೆ ಆಟ ನನಗೂ ಬಹಳ ಇಷ್ಟ. ಕೊಡಗಿನಲ್ಲಿ, ಕರಾವಳಿಯಲ್ಲಿ, ನಮ್ಮ ಮಲೆನಾಡಿನಲ್ಲಿ ಈಗಲೂ ಮಳೆಗಾಲದಲ್ಲಿ ಓಟ, ಹಗ್ಗಜಗ್ಗಾಟ, ಫುಟ್ಬಾಲ್ ಎಲ್ಲ ನಡೆಯುತ್ತದೆ. ಅದು ನಡೆಯುವುದು ಗದ್ದೆಯಲ್ಲಿ. ಆಮೇಲೆ ಅಲ್ಲಿ ನಾಟಿ ಆಗುತ್ತದೆ. ಅಲ್ಲಿ ಕೆಸರು ಮಾಡಿದರೆ ನಷ್ಟ ಏನೂ ಇಲ್ಲ.

ಊರಿನ ಇನ್ನೊಂದು ಅನುಕೂಲ ನಮಗೆ ಇಲ್ಲಿಗೆ ಬಂದ ಮೇಲೇ ಅರ್ಥವಾಗುವುದು. ನಮ್ಮಲ್ಲಿ ಮೈದಾನದ ತುಂಬ ಗರಿಕೆ. ಗಣೇಶನಿಗೆ ಏರಿಸುವ ಅದೇ ಗರಿಕೆ. ಅದು ನೆಲದ ಮೇಲೆ ಬಳ್ಳಿ ಹರಡುತ್ತದೆ, ನೆಲದ ಒಳಗೂ ಹರಡುತ್ತದೆ, ಒಂದು ಕಡೆ ಕಿತ್ತರೆ ಪಕ್ಕದಿಂದ ಬಂದು ತುಂಬುತ್ತದೆ. ಅದರ ಮೇಲೆ ಅದು ಬೆಳೆಯುವುದೇ ಬೆಚ್ಚಗಿನ ಮಳೆಗಾಲದಲ್ಲಿ. ಅಂದರೆ ಗಾಯ ಆಗುವ ಕಾಲದಲ್ಲೇ ಗಾಯ ಮಾಯುತ್ತದೆ. ಸಿಯಾಟಲ್‌ನ ಮೈದಾನಗಳಲ್ಲಿ ಇರುವುದು ಹೆಚ್ಚಾಗಿ ಪೆರೆನಿಯಲ್ ರೈಗ್ರಾಸ್. ತುಳಿತ ಚೆನ್ನಾಗಿ ತಡೆಯುತ್ತದೆ, ಬೇಗ ಮೊಳೆಯುತ್ತದೆ, ಬಣ್ಣ ಚೆನ್ನ. ಆದರೆ ಗೊಂಚಲು ಗೊಂಚಲಾಗಿ ಬೆಳೆಯುವ ಹುಲ್ಲು ಅದು, ಹರಡುವುದಿಲ್ಲ. ಒಂದು ಗೊಂಚಲು ಕಿತ್ತುಹೋದರೆ ಆ ಜಾಗ ಬೋಳು. ಮತ್ತೆ ಬೀಜ ಹಾಕಬೇಕು. ಮಣ್ಣಿನ ಬಿಸಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದ ಮೇಲೆ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಹಾಗಾಗಿ ಅಕ್ಟೋಬರ್ ಕೊನೆಗೆ ಕಿತ್ತುಹೋದ ಜಾಗ ಏಪ್ರಿಲ್‌ವರೆಗೂ ಹಾಗೇ ಇರುತ್ತದೆ. ಇಡೀ ಚಳಿಗಾಲದ ಮಳೆ ಆ ಬೋಳು ಮಣ್ಣಿನ ಮೇಲೆ ಬೀಳುತ್ತದೆ. ಚಳಿಯಲ್ಲೇ ಬೆಳೆಯುವ ಪೋವಾ ಆನುವಾ ಅನ್ನುವ ಕಳೆಹುಲ್ಲು ಬಂದು ಅಲ್ಲಿ ಕೂರುತ್ತದೆ. ನೋಡಲು ಹಸಿರಾಗಿಯೇ ಇರುತ್ತದೆ, ಆದರೆ ಬೇರು ಮೇಲೆ ಮೇಲೆ ಇರುತ್ತದೆ, ಮುಂದಿನ ವರ್ಷ ಒಂದು ಸ್ಲೈಡ್‌ಗೆ ಚಾಪೆ ಎದ್ದಂತೆ ಎದ್ದುಬರುತ್ತದೆ.

ಗೋಲಿನ ಮುಂದಿನ ಜಾಗವನ್ನು ಒಮ್ಮೆ ಕೂತು ನೋಡಿ. ಎಲ್ಲ ಮೈದಾನದಲ್ಲೂ ಮೊದಲು ಹೋಗುವ ಜಾಗ ಅದು. ಹೋದ ವರ್ಷ ಒಂದು ಮೈದಾನದಲ್ಲಿ, ಮುಚ್ಚಿದ್ದ ದಿನವೇ ಯಾವುದೋ ತಂಡ ಬೇಲಿ ದಾಟಿ ಹೋಗಿ ಆಡಿತ್ತು. ಮಾರನೇ ಬೆಳಿಗ್ಗೆ ನಾನು ಹೋದಾಗ ಆರು ಗಜದ ಬಾಕ್ಸ್ ಒಳಗೆ ಹುಲ್ಲಿನ ಗೊಂಚಲುಗಳು ಬುಡಮೇಲಾಗಿ ಬಿದ್ದಿದ್ದವು. ಬಿಳಿ ಬೇರು ಮೇಲೆ, ಹಸಿರು ಕೆಳಗೆ. ಗೋಲ್‌ಕೀಪರ್ ನಿಂತು ನಿಂತು ಮಾಡಿದ ಹೊಂಡದಲ್ಲಿ ಬೂದು ಬಣ್ಣದ ನೀರು. ಸುತ್ತ ಸ್ಟಡ್ ಊರಿದ ತೂತುಗಳು, ಒಂದೊಂದರಲ್ಲೂ ನೀರು, ತೂತಿನ ಗೋಡೆ ನುಣ್ಣಗೆ ಸವರಿದ ಹಾಗೆ ಹೊಳೆಯುತ್ತಿತ್ತು. ಆ ಹೊಳಪು ಕಂಡರೆ ತಿಳಿಯಿರಿ, ಆ ಮಣ್ಣಿನ ಸಂದು ಮುಚ್ಚಿದೆ. ಚಾಕುವಿನಿಂದ ಒಂದು ತುಂಡು ಕೊಯ್ದು ತೆಗೆದೆ. ಮೇಲಿನ ಎರಡು ಇಂಚು ಪದರ ಪದರವಾಗಿ ಗಟ್ಟಿ. ಬೇರು ಕೆಳಗೆ ಇಳಿಯಲಾಗದೆ ಅಡ್ಡಡ್ಡ ತಿರುಗಿದ್ದವು. ಗಾಳಿ ಸಿಗದ ಮಣ್ಣಿಗೆ ಬರುವ ಕೊಳೆತ ಮೊಟ್ಟೆಯ ವಾಸನೆ ಬೇರೆ. ಒಂದೇ ಸಂಜೆಯ ಆಟಕ್ಕೆ ಇಷ್ಟೆಲ್ಲ ಆಗಿದ್ದಲ್ಲ, ವರ್ಷಗಳಿಂದ ಸೇರಿದ್ದು. ಆದರೆ ಹುಲ್ಲು ಹೋಗಿದ್ದು ಆ ಸಂಜೆ. ನನಗೆ ನಿಜಕ್ಕೂ ಸಂಕಟವಾಯಿತು. ಆ ಗೋಲ್ ಬಾಯಿ ಮೇ ತಿಂಗಳವರೆಗೂ ಸರಿ ಹೋಗಲಿಲ್ಲ, ವಸಂತದ ಪಂದ್ಯಗಳಲ್ಲಿ ಚಿಕ್ಕ ಮಕ್ಕಳ ತಂಡಗಳಿಗೆ ಆ ಮೈದಾನ ಸಿಗಲೇ ಇಲ್ಲ.

ಮೈದಾನ ಆಡಲು ಯೋಗ್ಯವೋ ಅಲ್ಲವೋ ಅಂತ ನೋಡುವುದು ಹೇಗೆ? ಯಂತ್ರ ಏನೂ ಬೇಡ. ನಡೆಯಬೇಕು. ಅಂಚಿನಲ್ಲಿ ಅಲ್ಲ, ಎರಡೂ ಗೋಲಿನ ಮುಂದೆ, ನಡು ವೃತ್ತದಲ್ಲಿ, ಕೋಚ್‌ಗಳು ನಿಲ್ಲುವ ಗೆರೆಯ ಪಕ್ಕ. ನಿಂತ ನೀರು ಕಂಡರೆ ಮಾತೇ ಇಲ್ಲ, ಮುಚ್ಚಿ. ನೀರು ಕಾಣದಿದ್ದರೂ ಹೆಜ್ಜೆ ಇಟ್ಟಾಗ ಪಚಕ್ ಅಂತ ಸದ್ದು ಬಂದು ಬೂಟಿನ ಪಕ್ಕ ನೀರು ಒಸರಿದರೆ, ಮುಚ್ಚಿ. ಸದ್ದಿಲ್ಲ, ಆದರೆ ಹಿಮ್ಮಡಿ ಊರಿ ತಿರುಗಿದಾಗ ಗುರುತು ಉಳಿಯುತ್ತದೆ, ಹುಲ್ಲು ಬುಡ ಸಮೇತ ಜರುಗುತ್ತದೆ ಅಂದರೆ, ಆಗಲೂ ಮುಚ್ಚಿ. ನಾನು ಮಧ್ಯಾಹ್ನ ನೋಡಿ ಬಂದ ಮೇಲೆ ಸಂಜೆಯೊಳಗೆ ಮತ್ತೆ ಮಳೆ ಬಂದರೆ ಕೋಚೇ ನೋಡಬೇಕು. ಕ್ಲಬ್ ಅಥವಾ ನಗರದ ಪಾರ್ಕ್ಸ್ ಇಲಾಖೆ ಮುಚ್ಚಿಲ್ಲ ಅಂದ ಮಾತ್ರಕ್ಕೆ ಆಡಲೇಬೇಕು ಅಂತ ಏನಿಲ್ಲ.

ಈ ಮೂರನೇ ಗುರುತಿನ ಬಗ್ಗೆ ಜಗಳ ಜಾಸ್ತಿ. ಬಿಸಿಲು ಬಂದಿದೆ, ನೀರು ಹೋಗಿದೆ, ಇನ್ನೇನು ಅನ್ನುತ್ತಾರೆ. ಮಣ್ಣು ಅತಿ ಹೆಚ್ಚು ಅದುಮಿಕೊಳ್ಳುವುದು ಅದೇ ಹೊತ್ತಿನಲ್ಲಿ. ನೀರು ಪೂರ್ತಿ ತುಂಬಿದ್ದಾಗ ಸಂದುಗಳಲ್ಲಿ ನೀರೇ ಇರುತ್ತದೆ, ನೀರನ್ನು ಅದುಮಲು ಆಗುವುದಿಲ್ಲ, ಹಾಗಾಗಿ ಮಣ್ಣು ಜಾರುತ್ತದೆ, ಕಲಸುತ್ತದೆ, ಹುಲ್ಲು ಕೀಳುತ್ತದೆ. ಒಂದೆರಡು ದಿನ ಬಿಟ್ಟು ದೊಡ್ಡ ಸಂದುಗಳ ನೀರು ಇಳಿದು ಮಣ್ಣು ತೇವವಾಗಿ ಮೆತ್ತಗಿದ್ದಾಗ, ಆ ಖಾಲಿ ಸಂದುಗಳೇ ಕುಸಿಯುತ್ತವೆ. ಮೊದಲನೆಯದು ಕಣ್ಣಿಗೆ ಕಾಣುವ ಹಾನಿ. ಎರಡನೆಯದು ಕಾಣದ ಹಾನಿ, ಅದಕ್ಕೇ ಅದು ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಮಕ್ಕಳ ಓಡಾಟದ ಭಾರ ತಟ್ಟುವುದು ಮೇಲಿನ ಎರಡು ಮೂರು ಇಂಚಿಗೆ. ಹುಲ್ಲಿನ ಬೇರು ಹೆಚ್ಚಾಗಿ ಇರುವುದೂ ಅಷ್ಟರಲ್ಲೇ.

ಎಲ್ಲ ಸಲವೂ ಮುಚ್ಚುವುದೇ ಉಪಾಯ ಅಂತಲ್ಲ. ಮುಚ್ಚುವ ದಿನ ಕಡಿಮೆ ಮಾಡಲು ಕೋಚ್‌ಗಳು ಬಹಳ ಮಾಡಬಹುದು, ಅದರಲ್ಲಿ ಹೆಚ್ಚಿನದಕ್ಕೆ ದುಡ್ಡೂ ಬೇಡ.

ಹಾನಿ ಜಾಸ್ತಿ ಆಗುವುದು ಪಂದ್ಯದಿಂದ ಅಲ್ಲ, ಪ್ರ್ಯಾಕ್ಟೀಸಿನಿಂದ. ಪಂದ್ಯದಲ್ಲಿ ಮಕ್ಕಳು ಮೈದಾನದ ತುಂಬ ಹರಡಿರುತ್ತಾರೆ. ಪ್ರ್ಯಾಕ್ಟೀಸಿನಲ್ಲಿ ಹನ್ನೆರಡು ಮಕ್ಕಳು ಸಾಲಾಗಿ ನಿಂತು ಒಂದೇ ಜಾಗದಿಂದ ಓಡಿ, ಒಂದೇ ಜಾಗದಲ್ಲಿ ತಿರುಗಿ, ಒಂದೇ ಗೋಲಿಗೆ ಹೊಡೆಯುತ್ತಾರೆ, ಅದೂ ವಾರದಲ್ಲಿ ಎರಡು ಮೂರು ದಿನ. ಶೂಟಿಂಗ್ ಅಭ್ಯಾಸಕ್ಕೆ ದೊಡ್ಡ ಗೋಲೇ ಬೇಕು ಅಂತ ಏನೂ ಇಲ್ಲ. ಮಡಚುವ ಚಿಕ್ಕ ಗೋಲುಗಳನ್ನು ಮೈದಾನದ ಬದಿಗೆ, ಗೆರೆಯ ಆಚೆಗೆ ಇಟ್ಟುಕೊಳ್ಳಿ. ಇವತ್ತು ಇಲ್ಲಿ ಇಟ್ಟರೆ ನಾಳಿದ್ದು ಹತ್ತು ಹೆಜ್ಜೆ ಆಚೆ ಇಡಿ. ವಾರ್ಮ್‌ಅಪ್ ಓಟ, ಏಣಿಯ ಡ್ರಿಲ್ ಎಲ್ಲ ಡಾಂಬರಿನ ಮೇಲೆ ಮಾಡಬಹುದು. ಗೋಲ್‌ಕೀಪರ್ ತರಬೇತಿ ಗೋಲಿನ ಮುಂದೆ ಮಾಡಲೇಬೇಡಿ, ಎರಡು ಕೋನ್ ಇಟ್ಟು ಬೇರೆ ಎಲ್ಲಾದರೂ ಮಾಡಿ. ಮಕ್ಕಳಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಹುಲ್ಲಿಗೆ ಗೊತ್ತಾಗುತ್ತದೆ.

ಚಿಕ್ಕ ಮಕ್ಕಳ ಮೈದಾನದಲ್ಲಿ ನಮಗೆ ಇನ್ನೊಂದು ಅನುಕೂಲ ಇದೆ. 2017ರಿಂದ ಅಮೆರಿಕದಲ್ಲಿ ವಯಸ್ಸಿಗೆ ತಕ್ಕ ಆಟದ ಅಳತೆ ಕಡ್ಡಾಯವಾಯಿತು. ಎಂಟು ವರ್ಷದೊಳಗಿನವರು ನಾಲ್ಕು ನಾಲ್ಕು ಜನ, ಹತ್ತರೊಳಗಿನವರು ಏಳು ಏಳು, ಹನ್ನೆರಡರೊಳಗಿನವರು ಒಂಬತ್ತು ಒಂಬತ್ತು. ನಾಲ್ವರ ಆಟಕ್ಕೆ ಬೇಕಾದ ಜಾಗ ಉದ್ದ 25ರಿಂದ 35 ಗಜ, ಅಗಲ 15ರಿಂದ 25 ಗಜ ಅಷ್ಟೇ. ಗೋಲ್‌ಕೀಪರ್ ಕೂಡ ಇಲ್ಲ. ಇಷ್ಟು ಚಿಕ್ಕ ಮೈದಾನವನ್ನು ಒಂದೇ ಕಡೆ ಇಡುವ ಅಗತ್ಯ ಏನಿದೆ? ಎರಡು ವಾರಕ್ಕೊಮ್ಮೆ ಸರಿಸಬಹುದು. ಉದ್ದ ಇದ್ದದ್ದನ್ನು ಅಡ್ಡ ತಿರುಗಿಸಿ ಗೆರೆ ಹಾಕಬಹುದು. ಹೋದ ತಿಂಗಳು ಗೋಲಿನ ಮುಂದೆ ಇದ್ದ ಜಾಗ ಈ ತಿಂಗಳು ಬದಿಗೆ ಹೋಗುತ್ತದೆ, ಹುಲ್ಲಿಗೆ ಉಸಿರಾಡಲು ಸಮಯ ಸಿಗುತ್ತದೆ. ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಗೋಲನ್ನು ಸರಿಸಿದ ಮೇಲೆ ಪ್ರತಿ ಸಲವೂ ನೆಲಕ್ಕೆ ಬಿಗಿಯಬೇಕು, ಇಲ್ಲ ಮರಳಿನ ಚೀಲದ ಭಾರ ಹಾಕಬೇಕು. ಗೋಲ್ ಮಗುಚಿ ಬಿದ್ದು ಮಕ್ಕಳು ಸತ್ತದ್ದು ಈ ದೇಶದಲ್ಲಿ ಆಗಿದೆ. ನೆನೆದ ನೆಲದಲ್ಲಿ ಮೊಳೆ ಸಡಿಲವಾಗುವುದೂ ಬೇಗ.

ಮಾಡಬಾರದ್ದು ಕೆಲವು ಇವೆ. ನೀರು ನಿಂತ ಜಾಗಕ್ಕೆ ಒಂದು ಗಾಡಿ ಮರಳು ಸುರಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಜಿಗುಟು ಮಣ್ಣಿಗೆ ಸ್ವಲ್ಪ ಮರಳು ಬೆರೆತರೆ ನೀರು ಇಂಗುವುದಿಲ್ಲ, ಇನ್ನೂ ಗಟ್ಟಿ ಆಗುತ್ತದೆ. ಮರಳು ಕೆಲಸ ಮಾಡಬೇಕು ಅಂದರೆ ಮಣ್ಣಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಮರಳೇ ಇರಬೇಕು, ಇಲ್ಲವೇ ಕಾಲಿಂಚಿನಷ್ಟು ತೆಳ್ಳಗೆ ಹರಡುತ್ತಾ ವರ್ಷಗಟ್ಟಲೆ ಮೇಲೆ ಒಂದು ಪದರ ಕಟ್ಟಬೇಕು. ಬೇರೆ ಎಲ್ಲಿಂದಲೋ ತಂದ ಮಣ್ಣನ್ನು ಹೊಂಡಕ್ಕೆ ತುಂಬುವುದೂ ಬೇಡ, ಎರಡು ತರದ ಮಣ್ಣು ಸೇರುವ ಕಡೆ ನೀರು ಸಿಕ್ಕಿಕೊಳ್ಳುತ್ತದೆ. ನೆನೆದಾಗ ಹುಲ್ಲು ಕತ್ತರಿಸಬೇಡಿ, ಆ ಯಂತ್ರದ ಚಕ್ರ ಮಾಡುವ ಗಾಡಿದಾರಿ ವರ್ಷವಿಡೀ ಉಳಿಯುತ್ತದೆ. ರೋಲರ್ ಹಾಕಿ ಮಟ್ಟ ಮಾಡೋಣ ಅಂತ ಯಾರಾದರೂ ಹೇಳಿದರೆ, ಒಣಗುವವರೆಗೆ ಅವರನ್ನು ಹೇಗಾದರೂ ತಡೆಯಿರಿ.

ಮಾಡಬೇಕಾದ ಕೆಲಸ ಮಳೆ ಶುರುವಾಗುವ ಮುಂಚೆಯದು. ಟೊಳ್ಳು ಹಲ್ಲಿನ ಏರೇಟರ್ ಅಂತ ಒಂದು ಯಂತ್ರ ಬರುತ್ತದೆ. ಅದು ಮೂರ್ನಾಲ್ಕು ಇಂಚು ಆಳಕ್ಕೆ ತೂತು ಹೊಡೆದು ಬೆರಳು ಗಾತ್ರದ ಮಣ್ಣಿನ ತುಂಡುಗಳನ್ನು ಮೇಲೆ ಎಸೆಯುತ್ತಾ ಹೋಗುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಮೈದಾನ ಗಲೀಜಾಯಿತು ಅಂತ ದೂರು ಬರುತ್ತದೆ. ಆ ತುಂಡುಗಳು ಒಂದೆರಡು ವಾರದಲ್ಲಿ ಪುಡಿಯಾಗಿ ಮತ್ತೆ ಮಣ್ಣಿಗೆ ಸೇರುತ್ತವೆ, ಬಿಟ್ಟುಬಿಡಿ. ಆ ತೂತಿನಲ್ಲಿ ಗಾಳಿ ಇಳಿಯುತ್ತದೆ, ನೀರು ಇಳಿಯುತ್ತದೆ, ಬೇರೂ ಇಳಿಯುತ್ತದೆ. ಮಣ್ಣು ಸ್ವಲ್ಪ ತೇವ ಇರುವಾಗ ಮಾಡಬೇಕು, ನೆನೆದಾಗ ಅಲ್ಲ. ನಮ್ಮಲ್ಲಿ ಸೆಪ್ಟೆಂಬರ್ ಅದಕ್ಕೆ ಸರಿಯಾದ ಕಾಲ, ಅದರ ಹಿಂದೆಯೇ ಬೀಜ. ಸೆಪ್ಟೆಂಬರಿನಲ್ಲಿ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ರೈಗ್ರಾಸ್ ಒಂದು ವಾರ ಹತ್ತು ದಿನದಲ್ಲಿ ತಲೆ ಎತ್ತುತ್ತದೆ. ಕೆಲವು ಕೋಚ್‌ಗಳು ಪಂದ್ಯಕ್ಕೆ ಮುಂಚೆ ಗೋಲಿನ ಮುಂದೆ ಒಂದು ಹಿಡಿ ಬೀಜ ಚೆಲ್ಲುತ್ತಾರೆ, ಮಕ್ಕಳ ಕ್ಲೀಟ್ಸೇ ಅದನ್ನು ಮಣ್ಣಿಗೆ ಒತ್ತುತ್ತದೆ. ತುಳಿತದಿಂದ ಸಿಗುವ ಒಂದೇ ಒಂದು ಉಪಕಾರ ಅದು. ಮಕ್ಕಳಿಗೂ ಖುಷಿ, ತಾವೇ ಚೆಲ್ಲುತ್ತೇವೆ ಅಂತ ಕೈ ಚಾಚುತ್ತಾರೆ.

ಇಳಿಜಾರಿನ ಬಗ್ಗೆ ಹೇಳಲೇಬೇಕು. ಒಳ್ಳೆಯ ಹುಲ್ಲಿನ ಮೈದಾನ ಮಟ್ಟಸವಾಗಿ ಇರುವುದಿಲ್ಲ. ನಡುವೆ ಎತ್ತರ, ಎರಡೂ ಬದಿಗೆ ಇಳಿಜಾರು, ನೂರಕ್ಕೆ ಒಂದು ಒಂದೂವರೆಯಷ್ಟು. 70 ಗಜ ಅಗಲದ ಮೈದಾನದಲ್ಲಿ ಶೇಕಡಾ 1ರ ಲೆಕ್ಕದಲ್ಲಿ ನಡು ಭಾಗ ಬದಿಗಿಂತ ಸುಮಾರು 32 ಸೆಂಟಿಮೀಟರ್ ಮೇಲಿರುತ್ತದೆ. ಆಡುವವರಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ನಮ್ಮ ಹಳೆಯ ಮೈದಾನಗಳಲ್ಲಿ ಎಷ್ಟೋ ಕಡೆ ಇದು ಉಲ್ಟಾ ಆಗಿದೆ. ನಡು ಸವೆದು ತಗ್ಗಾಗಿದೆ, ಬದಿಯಲ್ಲಿ ಹುಲ್ಲು ದಟ್ಟವಾಗಿ ಬೆಳೆದು ದಿಂಡು ಕಟ್ಟಿದೆ, ಹರಿದು ಹೋಗಬೇಕಾದ ನೀರನ್ನು ಅದೇ ತಡೆಯುತ್ತದೆ. ಇಡೀ ಮೈದಾನ ಮತ್ತೆ ಕಟ್ಟಲು ಭಾರೀ ಖರ್ಚು. ಆ ಅಂಚಿನ ದಿಂಡನ್ನು ಕೆತ್ತಿ ತೆಗೆಯಲು ನಾಲ್ಕು ಜನ ಒಂದು ಶನಿವಾರ ಬಂದರೆ ಸಾಕು.

"ಸಿಂಥೆಟಿಕ್ ಹಾಸು ಹಾಕಿಬಿಟ್ಟರೆ ಮುಗೀತಲ್ವಾ?" ಇದು ಮುಂದಿನ ಪ್ರಶ್ನೆ. ಹೌದು, ಸಿಯಾಟಲ್ ಸುತ್ತ ಅಂಥ ಮೈದಾನ ಬಹಳ ಇವೆ, ಮಳೆಗಾಲದಲ್ಲಿ ಅವಿಲ್ಲದೆ ನಮಗೆ ನಡೆಯುವುದೂ ಇಲ್ಲ. ಆದರೆ ಹಾಕುವ ಖರ್ಚು ದೊಡ್ಡದು, ಎಂಟು ಹತ್ತು ವರ್ಷಕ್ಕೆ ಹಾಸು ಬದಲಿಸಬೇಕು, ಬೇಸಿಗೆಯಲ್ಲಿ ಕಾಲು ಸುಡುತ್ತದೆ. ಅದರಲ್ಲಿ ತುಂಬುವ ಟೈರಿನ ಪುಡಿಯ ಬಗ್ಗೆ ಭಯ ಶುರುವಾಗಿದ್ದೂ ಇಲ್ಲೇ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಬ್ಬ ಕೋಚ್ ಕ್ಯಾನ್ಸರ್ ಬಂದ ಆಟಗಾರರ ಪಟ್ಟಿ ಮಾಡತೊಡಗಿದ್ದರು. ರಾಜ್ಯದ ಆರೋಗ್ಯ ಇಲಾಖೆ ಅದನ್ನು ಪರಿಶೀಲಿಸಿ, ಆ ಆಟಗಾರರಲ್ಲಿ ಕ್ಯಾನ್ಸರ್ ಸಹಜಕ್ಕಿಂತ ಜಾಸ್ತಿ ಕಂಡಿಲ್ಲ ಅಂತ 2017ರಲ್ಲಿ ವರದಿ ಕೊಟ್ಟಿತು. ಭಯ ಪಡುವವರನ್ನು ನಾನು ದೂರುವುದಿಲ್ಲ, ಮಕ್ಕಳ ವಿಷಯ. ಇನ್ನೊಂದು ನೋಡಿ, 2026ರ ವಿಶ್ವಕಪ್‌ಗೆ ಹುಲ್ಲೇ ಆಗಬೇಕು ಅಂತ ಫೀಫಾ ಹೇಳಿದ್ದರಿಂದ ಸಿಯಾಟಲ್‌ನ ಲೂಮೆನ್ ಫೀಲ್ಡ್ ಕ್ರೀಡಾಂಗಣದಲ್ಲೂ ಸಿಂಥೆಟಿಕ್ ಬದಲು ಹುಲ್ಲಿನ ಏರ್ಪಾಡು ಮಾಡಬೇಕಾಯಿತು. ದೊಡ್ಡವರಿಗೆ ಹುಲ್ಲು ಬೇಕು ಅಂದರೆ ಮಕ್ಕಳಿಗೆ ಬೇಡವಾ?

ಬೆಂಗಳೂರಿನವರು ಚಿನ್ನಸ್ವಾಮಿ ಕ್ರೀಡಾಂಗಣದ ಹೆಸರು ತೆಗೆಯುತ್ತಾರೆ. 2017ರಲ್ಲಿ ಅಲ್ಲಿ ಸಬ್‌ಏರ್ ವ್ಯವಸ್ಥೆ ಹಾಕಿದ್ದಾರೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ಪಂದ್ಯ ಶುರುವಾಗುತ್ತದೆ, ಹೆಮ್ಮೆಯ ವಿಷಯ. ಅಲ್ಲಿ ಹುಲ್ಲಿನ ಕೆಳಗೆ ಮರಳಿನ ಹಾಸು, ಅದರ ಕೆಳಗೆ ಕೊಳವೆ, ಕೊಳವೆಯಿಂದ ನೀರನ್ನು ಎಳೆಯುವ ಯಂತ್ರ. ನಗರದ ಪಾರ್ಕಿನ ಮೈದಾನಕ್ಕೆ ಅದು ಬರುವುದಿಲ್ಲ. ನಮಗೆ ಇರುವ ಯಂತ್ರ ಅಂದರೆ ಒಂದು ಗಾರ್ಡನ್ ಫೋರ್ಕ್ ಮತ್ತು "ಇವತ್ತು ಬೇಡ" ಅನ್ನುವ ಮಾತು.

ಆ ಮಾತು ಹೇಳುವುದು ಕಷ್ಟ ಅನ್ನುವುದು ನನಗೂ ಗೊತ್ತು. ಮಗು ಶಿನ್‌ಗಾರ್ಡ್ ಕಟ್ಟಿಕೊಂಡು ತಯಾರಾಗಿ ಕೂತಿರುತ್ತದೆ. ನೀವು ಆಫೀಸಿನಿಂದ ಓಡಿ ಬಂದಿರುತ್ತೀರಿ. ದುಡ್ಡು ಕಟ್ಟಿದ್ದೀರಿ. ಆದರೆ ಯೋಚನೆ ಮಾಡಿ, ಹುಲ್ಲಿನ ಮೈದಾನ ಹಾಳಾದರೆ ಯಾರಿಗೆ ಪೆಟ್ಟು? ಆಯ್ದ ಮಕ್ಕಳನ್ನು ಸೇರಿಸಿಕೊಳ್ಳುವ, ದೊಡ್ಡ ಶುಲ್ಕದ ಸೆಲೆಕ್ಟ್ ತಂಡಗಳು ಸಿಂಥೆಟಿಕ್ ಮೈದಾನ ಬಾಡಿಗೆಗೆ ಹಿಡಿಯುತ್ತವೆ. ಕಡಿಮೆ ಶುಲ್ಕಕ್ಕೆ, ಸುಮ್ನೆ ಖುಷಿಗೆ ಆಡುವ ಮಕ್ಕಳಿಗೆ ಇರುವುದು ಈ ಪಾರ್ಕಿನ ಹುಲ್ಲು ಮಾತ್ರ. ನೆರೆಹೊರೆಯ ಮಕ್ಕಳು, ಆರೇಳು ವರ್ಷದವರು, ಮೊದಲ ಸಲ ಚೆಂಡು ಮುಟ್ಟುವವರು. ಅವರ ವಸಂತದ ಆಟ ಉಳಿಯುವುದೋ ಹೋಗುವುದೋ ಅಕ್ಟೋಬರಿನ ಕೊನೆಯ ಮೂರು ವಾರದಲ್ಲಿ ತೀರ್ಮಾನವಾಗುತ್ತದೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋದ ಮೇಲೆ ಐದು ಗಂಟೆಯ ಮುಂಚೆಯೇ ಸೂರ್ಯ ಮುಳುಗುತ್ತಾನೆ, ದೀಪ ಇಲ್ಲದ ಹುಲ್ಲಿನ ಮೈದಾನದಲ್ಲಿ ವಾರದ ದಿನ ಪ್ರ್ಯಾಕ್ಟೀಸ್ ಹೇಗೂ ಆಗುವುದಿಲ್ಲ. ಅಂದರೆ ನಾನು ಕೇಳುತ್ತಿರುವುದು ಇಡೀ ಸೀಸನ್ ಅಲ್ಲ. ಆ ಕೊನೆಯ ಕೆಲವು ಸಂಜೆಗಳಲ್ಲಿ ಮಾತ್ರ ಹುಷಾರಾಗಿರಿ ಅಂತ.

ಮುಚ್ಚಿದ ದಿನ ಮಕ್ಕಳನ್ನು ಮನೆಯಲ್ಲಿ ಕೂರಿಸಬೇಕಿಲ್ಲ. ಇಲ್ಲಿಯ ಎಷ್ಟೋ ಎಲಿಮೆಂಟರಿ ಶಾಲೆಗಳ ಹಿಂದೆ ಚಾವಣಿ ಹಾಕಿದ ಆಟದ ಜಾಗ ಇರುತ್ತದೆ, ಬ್ಯಾಸ್ಕೆಟ್‌ಬಾಲ್ ಕಂಬ ಇರುವಂಥದ್ದು. ಮೊದಲು ಶಾಲೆಯವರನ್ನು ಕೇಳಿಕೊಳ್ಳಿ. ಕ್ಲೀಟ್ಸ್ ಬೇಡ, ಚಪ್ಪಟೆ ತಳದ ಶೂ ಹಾಕಿಸಿ. ಸ್ವಲ್ಪ ಗಾಳಿ ಕಡಿಮೆ ಮಾಡಿದ ಚೆಂಡು ಇಟ್ಟುಕೊಂಡು ನಾಲ್ಕು ನಾಲ್ಕು ಜನ ಫುಟ್ಸಾಲ್ ತರಹ ಆಡಲಿ. ಚಿಕ್ಕ ಜಾಗದಲ್ಲಿ ಚೆಂಡು ಕಾಲಿಗೆ ಸಿಗುವುದೇ ಜಾಸ್ತಿ, ಪಾಸ್ ಬೇಗ ಕೊಡಲು ಕಲಿಯುತ್ತಾರೆ. ನಮ್ಮ ಗುಂಪಿನ ಇಬ್ಬರು ಅಪ್ಪಂದಿರು ಹೋದ ವರ್ಷ ಹೀಗೇ ಶುರು ಮಾಡಿದರು, ಈಗ ಕ್ಯಾನ್ಸಲ್ ಆದರೆ ಮಕ್ಕಳೇ ಅಲ್ಲಿಗೆ ಹೋಗೋಣ ಅನ್ನುತ್ತಾರೆ.

ಮಳೆಯಲ್ಲೇ ಓಡಬೇಕು, ನೆನೆಯಬೇಕು ಅನ್ನುವ ಮಕ್ಕಳನ್ನು ಡಾಂಬರಿನ ಮೇಲೆ, ಟ್ರ್ಯಾಕ್ ಮೇಲೆ ಬಿಡಿ. ಖಂಡಿತ ಬಿಡಿ.

ಸೆಪ್ಟೆಂಬರಿನಲ್ಲಿ ಏರೇಟರ್ ಬಾಡಿಗೆಗೆ ತಂದಾಗ, ಬೀಜ ಹಾಕುವಾಗ, ಅಂಚಿನ ದಿಂಡು ಕೆತ್ತುವಾಗ ಕೈಗಳು ಬೇಕು. ಗುಂಪಿನಲ್ಲಿ ದಿನಾಂಕ ಹಾಕುತ್ತೇನೆ. ಗುದ್ದಲಿ ಹಿಡಿದು ಅಭ್ಯಾಸ ಇರುವವರು ಬಂದರೆ ಕೆಲಸ ಬೇಗ ಆಗುತ್ತದೆ, ಇಲ್ಲದವರೂ ಬನ್ನಿ, ಬೀಜ ಚೆಲ್ಲಲು ಮಕ್ಕಳನ್ನೂ ಕರೆದುಕೊಂಡು ಬನ್ನಿ.